ದಿನದ ಬಿಲ್‌ಗಳಲ್ಲಿ ಲಾಭ ಎಲ್ಲಿದೆ? ಪಿವಟ್ ಟೇಬಲ್ ಎಂದರೇನು, ಬಳಸುವುದು ಹೇಗೆ? ಇಲ್ಲಿದೆ ಮಾಹಿತಿ

ಮುಂಬೈ: ಭಾಂಡುಪ್ ಪಶ್ಚಿಮದ ಎಲ್‌ಬಿಎಸ್ ಮಾರ್ಗದ ಬದಿಯಲ್ಲಿ ಒಂದು ಉಡುಪಿ ಹೋಟೆಲ್ ಇದೆ ಎಂದಿಟ್ಟುಕೊಳ್ಳಿ. ಬಿಲ್ಲಿಂಗ್ ಮಷಿನ್‌ನಿಂದ ತಿಂಗಳ ಕೊನೆಗೆ ಸಾವಿರಾರು ಸಾಲುಗಳ ಎಕ್ಸೆಲ್ ಫೈಲ್ ಬರುತ್ತದೆ. ಗಲ್ಲಾದಲ್ಲಿ ಕೂರುವ ಮಾಲೀಕರಿಗೆ ಒಟ್ಟು ವ್ಯಾಪಾರ ಎಷ್ಟೆಂದು ಗೊತ್ತು. ಆದರೆ ಡೆಲಿವರಿ ಆ್ಯಪ್‌ನಲ್ಲಿ ಮುಂದುವರಿಯಬೇಕೇ, ಸಂಜೆ ಹೊತ್ತಿಗೆ ಇನ್ನೊಬ್ಬ ಹುಡುಗನನ್ನು ಇಟ್ಟುಕೊಳ್ಳಬೇಕೇ ಎಂಬ ಪ್ರಶ್ನೆಗೆ ಒಟ್ಟು ಮೊತ್ತ ಉತ್ತರ ಕೊಡುವುದಿಲ್ಲ. ಅದಕ್ಕೆ ಬೇಕಾಗುವುದೇ ಪಿವಟ್ ಟೇಬಲ್.

ಏನಿದು ಪಿವಟ್ ಟೇಬಲ್?

ಉದ್ದನೆಯ ಪಟ್ಟಿಯನ್ನು ಬೇಕಾದ ಹಾಗೆ ಗುಂಪು ಮಾಡಿ, ಪ್ರತಿ ಗುಂಪಿನ ಮೊತ್ತ, ಎಣಿಕೆ ಅಥವಾ ಸರಾಸರಿಯನ್ನು ತೋರಿಸುವ ಸಾರಾಂಶ ಕೋಷ್ಟಕವಿದು. ಫಾರ್ಮುಲಾ ಬರೆಯಬೇಕಿಲ್ಲ. 1991ರಲ್ಲಿ ಸ್ಟೀವ್ ಜಾಬ್ಸ್ ಅವರ ನೆಕ್ಸ್ಟ್ ಕಂಪ್ಯೂಟರ್‌ಗಳಿಗಾಗಿ ಲೋಟಸ್ ಕಂಪನಿ ತಂದ 'ಇಂಪ್ರಾವ್' ತಂತ್ರಾಂಶದಲ್ಲಿ ಈ ಕಲ್ಪನೆಯ ಬೇರಿದೆ. ಅದನ್ನು ರೂಪಿಸಿದ ಪಿಟೊ ಸಾಲಸ್ ಅವರನ್ನು ಪಿವಟ್ ಟೇಬಲ್‌ನ ಜನಕ ಎನ್ನುತ್ತಾರೆ. 1993ರಲ್ಲಿ ಎಕ್ಸೆಲ್ 5 ಮೂಲಕ ಇದು ಮನೆಮಾತಾಯಿತು. ಈಗ ಗೂಗಲ್ ಶೀಟ್ಸ್ ಮತ್ತು ಲಿಬ್ರೆಆಫೀಸ್‌ನಲ್ಲಿ ಉಚಿತವಾಗಿಯೂ ಸಿಗುತ್ತದೆ.

ಮಾಡುವುದು ಹೇಗೆ?

ಮೊದಲು ಪಟ್ಟಿ ಸರಿಯಿರಬೇಕು. ಒಂದು ಮಾರಾಟಕ್ಕೆ ಒಂದೇ ಸಾಲು. ದಿನಾಂಕ, ಐಟಂ, ಪ್ಲೇಟ್, ದರ, ಮೊತ್ತ, ಕೌಂಟರ್ ಅಥವಾ ಆ್ಯಪ್ ಎಂದು ಪ್ರತಿ ಕಾಲಂಗೂ ತಲೆಬರಹ. ನಡುವೆ ಖಾಲಿ ಸಾಲು, ಮರ್ಜ್ ಮಾಡಿದ ಸೆಲ್ ಇರಕೂಡದು. ನಂತರ ಇನ್ಸರ್ಟ್ ಮೆನುವಿನಲ್ಲಿ ಪಿವಟ್ ಟೇಬಲ್ ಒತ್ತಿ, ಐಟಂ ಅನ್ನು 'ರೋಸ್' ಚೌಕಕ್ಕೆ, ಕೌಂಟರ್/ಆ್ಯಪ್ ಕಾಲಂ ಅನ್ನು 'ಕಾಲಮ್ಸ್' ಚೌಕಕ್ಕೆ, ಮೊತ್ತವನ್ನು 'ವ್ಯಾಲ್ಯೂಸ್' ಚೌಕಕ್ಕೆ ಎಳೆದು ಹಾಕಿದರೆ ಆಯಿತು.

ಉದಾಹರಣೆಗೆ, ಮಸಾಲೆ ದೋಸೆ ಕೌಂಟರ್‌ನಲ್ಲಿ 90 ರೂ.ಗೆ 500 ಪ್ಲೇಟ್, ಆ್ಯಪ್‌ನಲ್ಲಿ 120 ರೂ.ಗೆ 300 ಪ್ಲೇಟ್ ಹೋಗಿದೆ ಎನ್ನಿ. ಕೋಷ್ಟಕದಲ್ಲಿ 45,000 ಮತ್ತು 36,000 ರೂ. ಕಾಣುತ್ತದೆ. ಆ್ಯಪ್ ಕಮಿಷನ್ ಶೇ.25 ಎಂದು ಹಿಡಿದರೆ 9,000 ರೂ. ಕಡಿತ, ಉಳಿಯುವುದು ಪ್ಲೇಟಿಗೆ 90 ರೂ. ಡಬ್ಬಿ, ಚಟ್ನಿ ಪೊಟ್ಟಣಕ್ಕೆ 8 ರೂ. ಹೋದರೆ 82. ದುಬಾರಿ ದರಕ್ಕೆ ಮಾರಿದ ದೋಸೆಯೇ ಕಡಿಮೆ ಕೊಟ್ಟಿತು! ಕಮಿಷನ್ ಮತ್ತು ಪ್ಯಾಕಿಂಗ್ ಖರ್ಚಿಗೆ ಮೂಲ ಪಟ್ಟಿಯಲ್ಲೇ ಕಾಲಂ ಇದ್ದರೆ ಮಾತ್ರ ಇದು ಕಣ್ಣಿಗೆ ಬೀಳುತ್ತದೆ.

ಹೊಸಬರು ಎಡವುವುದು ಇಲ್ಲೇ

ಹೆಚ್ಚಿನವರನ್ನು ಯಾಮಾರಿಸುವುದು 'ಕ್ಯಾಲ್ಕುಲೇಟೆಡ್ ಫೀಲ್ಡ್'. ಒಂದು ಬಿಲ್‌ನಲ್ಲಿ 2 ದೋಸೆ, ಇನ್ನೊಂದರಲ್ಲಿ 3 ದೋಸೆ, ದರ 90 ರೂ. ಎಂದರೆ ವ್ಯಾಪಾರ 450 ರೂ. ಆದರೆ ಪಿವಟ್ ಒಳಗೆ 'ಪ್ಲೇಟ್ ಗುಣಿಸು ದರ' ಎಂದು ಕೊಟ್ಟರೆ ಎಕ್ಸೆಲ್ ಮೊದಲು ಎರಡನ್ನೂ ಕೂಡಿಸಿ, ಆಮೇಲೆ 5ನ್ನು 180ರಿಂದ ಗುಣಿಸಿ 900 ತೋರಿಸುತ್ತದೆ. ಎರರ್ ಬರುವುದಿಲ್ಲ, ಹಾಗಾಗಿ ಅನುಮಾನವೂ ಬರುವುದಿಲ್ಲ. ಪ್ರತಿ ಸಾಲಿನ ಮೊತ್ತವನ್ನು ಮೂಲ ಪಟ್ಟಿಯಲ್ಲೇ ಲೆಕ್ಕ ಹಾಕಿಡುವುದು ಸರಿಯಾದ ದಾರಿ.

'ಮಸಾಲೆ ದೋಸೆ', 'ಮ. ದೋಸೆ', 'ಮಸಾಲ ದೋಸೆ' ಎಂದು ಮೂರು ಬಗೆಯಲ್ಲಿ ಟೈಪ್ ಆಗಿದ್ದರೆ ಮೂರು ಪ್ರತ್ಯೇಕ ಸಾಲುಗಳಾಗುತ್ತವೆ. ಮೊತ್ತದ ಕಾಲಂನಲ್ಲಿ ಎಲ್ಲೋ ಒಂದು ಕಡೆ ಅಕ್ಷರ ಸೇರಿದ್ದರೆ ಎಕ್ಸೆಲ್ 'ಸಮ್' ಬದಲು 'ಕೌಂಟ್' ತೋರಿಸಬಹುದು. ಹೊಸ ಬಿಲ್ ಸೇರಿಸಿದ ಬಳಿಕ ಎಕ್ಸೆಲ್‌ನಲ್ಲಿ ಸಾಮಾನ್ಯವಾಗಿ 'ರಿಫ್ರೆಶ್' ಒತ್ತಬೇಕಾಗುತ್ತದೆ. ಹೊಸ ಸಾಲುಗಳು ತಾವಾಗಿ ಸೇರಬೇಕೆಂದರೆ ಮೂಲ ಪಟ್ಟಿಯನ್ನು ಮೊದಲೇ ಕಂಟ್ರೋಲ್-ಟಿ ಒತ್ತಿ ಟೇಬಲ್ ಮಾಡಿಟ್ಟುಕೊಳ್ಳಬೇಕು. ಯಾವುದಾದರೂ ಅಂಕಿ ವಿಚಿತ್ರ ಎನಿಸಿದರೆ ಅದರ ಮೇಲೆ ಡಬಲ್ ಕ್ಲಿಕ್ ಮಾಡಿ. ಅದರ ಹಿಂದಿನ ಬಿಲ್‌ಗಳೆಲ್ಲ ಹೊಸ ಶೀಟ್‌ನಲ್ಲಿ ತೆರೆದುಕೊಳ್ಳುತ್ತವೆ.

ಪಾಲುದಾರರಿಗೆ ತೋರಿಸುವಾಗ

ದೊಡ್ಡದರಿಂದ ಚಿಕ್ಕದಕ್ಕೆ ವಿಂಗಡಿಸಿ, ಮೇಲಿನ ಹತ್ತು ಐಟಂಗಳನ್ನು ತೋರಿಸಿದರೆ ಸಾಕು. 'ಶೋ ವ್ಯಾಲ್ಯೂಸ್ ಆ್ಯಸ್' ಮೂಲಕ ರೂಪಾಯಿಯನ್ನು ಶೇಕಡಾವಾರು ಮಾಡಿದರೆ ಹಾಳೆ ಓದಲು ಸುಲಭ. ಬಣ್ಣಬಣ್ಣದ ಪೈ ಚಾರ್ಟ್‌ಗಿಂತ ಸಾದಾ ಬಾರ್ ಚಾರ್ಟ್ ವಾಸಿ.

ಫೈಲ್ ಕಳುಹಿಸುವಾಗ ಎಚ್ಚರ ಬೇಕು. ಮೂಲ ಶೀಟ್ ಅಳಿಸಿದರೂ ಅದರ ಮಾಹಿತಿ ಸಾಮಾನ್ಯವಾಗಿ ಪಿವಟ್ ಟೇಬಲ್‌ನೊಳಗೆ ಉಳಿದಿರುತ್ತದೆ. ಪಾರ್ಸೆಲ್ ಗ್ರಾಹಕರ ಮೊಬೈಲ್ ನಂಬರ್ ಆ ಪಟ್ಟಿಯಲ್ಲಿದ್ದರೆ ಫೈಲ್ ಜತೆ ಅದೂ ಹೋಗುತ್ತದೆ. ಹೀಗಾಗಿ ವಾಟ್ಸ್‌ಆ್ಯಪ್ ಗ್ರೂಪ್‌ಗೆ ಹಾಕುವ ಮುನ್ನ ಕೋಷ್ಟಕವನ್ನು ಕಾಪಿ ಮಾಡಿ, ಹೊಸ ಫೈಲ್‌ನಲ್ಲಿ 'ಪೇಸ್ಟ್ ವ್ಯಾಲ್ಯೂಸ್' ಕೊಡಬೇಕು ಅಥವಾ ಪಿಡಿಎಫ್ ಮಾಡಿ ಕಳುಹಿಸಬೇಕು.