ಯಾದಗಿರಿ, ಶಹಾಪುರ ಮತ್ತು ಸುರಪುರ ನಗರಗಳ ಹೊಸ ಬಡಾವಣೆಗಳಲ್ಲಿ ಬಾಡಿಗೆ ಮನೆ: ಸಾರ್ವಜನಿಕರ ಮಾಹಿತಿಗಾಗಿ

ಅಂದಿನ ಗುಲಬರ್ಗಾ ಜಿಲ್ಲೆಯಿಂದ ಬೇರ್ಪಟ್ಟು 30-12-2009 ರಂದು ಯಾದಗಿರಿ ಪ್ರತ್ಯೇಕ ಜಿಲ್ಲೆಯಾಗಿ ಅಸ್ತಿತ್ವಕ್ಕೆ ಬಂದಿತು. ಆರಂಭದಲ್ಲಿ ಯಾದಗಿರಿ, ಶಹಾಪುರ ಮತ್ತು ಸುರಪುರ ಎಂಬ ಮೂರು ತಾಲ್ಲೂಕುಗಳಿದ್ದು, ನಂತರ ಗುರುಮಠಕಲ್, ವಡಗೇರಾ ಹಾಗೂ ಹುಣಸಗಿ ಸೇರ್ಪಡೆಯಾಗಿವೆ. ಜಿಲ್ಲಾ ಮಟ್ಟದ ಕಚೇರಿಗಳು ಸ್ಥಾಪನೆಗೊಂಡಂತೆ ವರ್ಗಾವಣೆಯ ಮೇಲೆ ಬರುವ ನೌಕರರು, ಶಿಕ್ಷಕರು, ಬ್ಯಾಂಕ್ ಸಿಬ್ಬಂದಿ ಹಾಗೂ 2022 ರಲ್ಲಿ ವೈದ್ಯಕೀಯ ಮಹಾವಿದ್ಯಾಲಯ ಪ್ರಾರಂಭವಾದ ನಂತರ ವೈದ್ಯರು ಯಾದಗಿರಿಯಲ್ಲಿ ಮನೆ ಹುಡುಕುವವರಾಗಿದ್ದಾರೆ. ಶಹಾಪುರಕ್ಕೆ ಹೊಂದಿಕೊಂಡ ಭೀಮರಾಯನಗುಡಿಯಲ್ಲಿ ಕೃಷ್ಣಾ ಮೇಲ್ದಂಡೆ ಯೋಜನೆಯ ಕಚೇರಿಗಳಿರುವುದರಿಂದ ಅಲ್ಲಿಯ ಬೇಡಿಕೆ ಇನ್ನೂ ಹಳೆಯದು. ಮಕ್ಕಳ ವಿದ್ಯಾಭ್ಯಾಸಕ್ಕೆಂದು ಹಳ್ಳಿಯ ಹೊಲಮನೆಗಳನ್ನು ಹಿರಿಯರಿಗೆ ಒಪ್ಪಿಸಿ ನಗರಕ್ಕೆ ಬರುವ ರೈತ ಕುಟುಂಬಗಳೂ ಕಡಿಮೆಯಿಲ್ಲ.

ಇವರೆಲ್ಲರೂ ಸಾಮಾನ್ಯವಾಗಿ ಬಯಸುವುದು ಹಳೆಯ ಪೇಟೆಯ ಓಣಿಗಳನ್ನಲ್ಲ. ಊರ ಹೊರವಲಯದಲ್ಲಿ ಕಾಂಪೌಂಡ್ ಗೋಡೆ, ವಾಹನ ನಿಲುಗಡೆ, ಶಾಲಾ ವಾಹನ ಬಂದು ನಿಲ್ಲುವಷ್ಟು ಅಗಲವಾದ ರಸ್ತೆ ಇರುವ ಹೊಸ ಬಡಾವಣೆಗಳನ್ನು. ಇಂತಹ ಬಡಾವಣೆಗಳಲ್ಲಿ ಬಾಡಿಗೆಗೆ ಮನೆ ಪಡೆಯುವವರು ತಿಳಿದಿರಬೇಕಾದ ಕಾನೂನು ಮತ್ತು ವ್ಯವಹಾರದ ಅಂಶಗಳನ್ನು ಇಲ್ಲಿ ನೀಡಲಾಗಿದೆ.

ಮನೆಯನ್ನು ಪರಿಶೀಲಿಸುವಾಗ

ಕೃಷಿ ಜಮೀನಿನಲ್ಲಿ ಬಡಾವಣೆ ನಿರ್ಮಿಸಬೇಕಾದರೆ 1964ರ ಕರ್ನಾಟಕ ಭೂ ಕಂದಾಯ ಕಾಯ್ದೆಯ ಕಲಂ 95 ರಂತೆ ಭೂ ಪರಿವರ್ತನೆಯೂ, 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯಂತೆ ವಿನ್ಯಾಸಕ್ಕೆ ಅನುಮೋದನೆಯೂ ಆಗಿರತಕ್ಕದ್ದು. ಬಾಡಿಗೆದಾರನಿಗೆ ಇದರ ಗೊಡವೆ ಏಕೆ ಎಂಬ ಪ್ರಶ್ನೆ ಸಹಜ. ಅನುಮೋದನೆ ಪಡೆದ ಬಡಾವಣೆಯಲ್ಲಿ ಉದ್ಯಾನಕ್ಕೆ ಮತ್ತು ನಾಗರಿಕ ಸೌಲಭ್ಯಕ್ಕೆ ಜಾಗ ಬಿಟ್ಟಿರಬೇಕಾಗುತ್ತದೆ. ರಸ್ತೆ, ಚರಂಡಿ ಹಾಗೂ ಬೀದಿ ದೀಪಗಳು ನಗರಸಭೆಗೆ ಹಸ್ತಾಂತರವಾದ ಮೇಲೆ ಅವುಗಳ ನಿರ್ವಹಣೆ ನಗರಸಭೆಯದಾಗುತ್ತದೆ. ಹಸ್ತಾಂತರವಾಗದ ಬಡಾವಣೆಯಲ್ಲಿ ಚರಂಡಿ ತುಂಬಿ ಹರಿದರೂ ದೂರು ಯಾರಿಗೆ ನೀಡಬೇಕೆಂಬುದೇ ತಿಳಿಯದಂತಾಗುತ್ತದೆ. ಆದ್ದರಿಂದ "ಈ ಲೇಔಟ್ ನಗರಸಭೆಗೆ ಹಸ್ತಾಂತರವಾಗಿದೆಯೇ?" ಎಂದು ಮಾಲೀಕರನ್ನು ಹಾಗೂ ನಗರಸಭೆಯನ್ನು ಕೇಳುವುದು ಒಳಿತು.

ನೀರಿನ ವಿಷಯದಲ್ಲಿ ಹೆಚ್ಚಿನ ಎಚ್ಚರಿಕೆ ಅಗತ್ಯ. ಭೀಮಾ ಮತ್ತು ಕೃಷ್ಣಾ ನದಿಗಳೆರಡೂ ಈ ಜಿಲ್ಲೆಯಲ್ಲಿಯೇ ಹರಿದರೂ ಹೊರವಲಯದ ಅನೇಕ ಮನೆಗಳು ಕೊಳವೆ ಬಾವಿಯನ್ನೇ ನೆಚ್ಚಿಕೊಂಡಿವೆ. ಜಿಲ್ಲೆಯ ಹಲವೆಡೆ ಅಂತರ್ಜಲದಲ್ಲಿ ಫ್ಲೋರೈಡ್ ಅಂಶವಿರುವುದರಿಂದ, ಚಿಕ್ಕ ಮಕ್ಕಳಿರುವ ಕುಟುಂಬಗಳು ಕೊಳವೆ ಬಾವಿಯ ನೀರನ್ನು ಪರೀಕ್ಷಿಸದೆ ಕುಡಿಯಲು ಬಳಸಬಾರದು. ನಲ್ಲಿಯ ಸಂಪರ್ಕವಿದೆಯೇ, ಎಷ್ಟು ದಿನಕ್ಕೊಮ್ಮೆ ನೀರು ಬರುತ್ತದೆ, ತೊಟ್ಟಿಯ ಗಾತ್ರವೆಷ್ಟು ಎಂಬುದನ್ನು ಮಾಲೀಕರಿಗಿಂತ ಪಕ್ಕದ ಮನೆಯವರು ಸರಿಯಾಗಿ ಹೇಳಬಲ್ಲರು.

ಬೇಸಿಗೆಯಲ್ಲಿ ಇಲ್ಲಿಯ ಉಷ್ಣಾಂಶ 40 ಡಿಗ್ರಿ ಸೆಲ್ಸಿಯಸ್ ದಾಟುವುದು ವಾಡಿಕೆ. ಡಿಸೆಂಬರ್‌ನಲ್ಲಿ ಹಿತವಾಗಿ ಕಂಡ ಮೇಲಂತಸ್ತಿನ ಮನೆ ಏಪ್ರಿಲ್ ತಿಂಗಳಲ್ಲಿ ವಾಸಕ್ಕೆ ಕಷ್ಟವಾಗಬಹುದು. ಸಾಧ್ಯವಾದಲ್ಲಿ ಮನೆಯನ್ನು ಮಧ್ಯಾಹ್ನದ ಹೊತ್ತಿನಲ್ಲಿ ನೋಡತಕ್ಕದ್ದು. ಶಹಾಬಾದ್ ಕಲ್ಲಿನ ಪರಸಿ ಹಾಸಿದ ಹಳೆಯ ಮನೆ ನೋಟಕ್ಕೆ ಸಾಧಾರಣವಾಗಿದ್ದರೂ ಈ ಒಂದು ವಿಷಯದಲ್ಲಿ ಹೊಸ ಟೈಲ್ಸ್ ಮನೆಗಿಂತ ಹಲವರಿಗೆ ಹಿತವೆನಿಸುತ್ತದೆ.

ಯಾವ ಕಾಯ್ದೆ ಅನ್ವಯಿಸುತ್ತದೆ?

ಬಾಡಿಗೆದಾರರಿಗೆ ಬಾಡಿಗೆ ಕಾಯ್ದೆಯ ರಕ್ಷಣೆ ಎಲ್ಲೆಡೆಯೂ ಇದೆ ಎಂಬ ತಪ್ಪು ತಿಳಿವಳಿಕೆ ವ್ಯಾಪಕವಾಗಿದೆ. 1999ರ ಕರ್ನಾಟಕ ಬಾಡಿಗೆ ಕಾಯ್ದೆಯು 31-12-2001 ರಿಂದ ಜಾರಿಯಲ್ಲಿದೆ. ಆದರೆ ಕಾಯ್ದೆಯ ಪ್ರಥಮ ಅನುಸೂಚಿಯ 'ಎ' ಭಾಗದಲ್ಲಿ ನಮೂದಾದ ದೊಡ್ಡ ನಗರಗಳಲ್ಲಿ ಮಾಸಿಕ ರೂ. 3,500 ಹಾಗೂ ಇತರೆ ಪ್ರದೇಶಗಳಲ್ಲಿ ಮಾಸಿಕ ರೂ. 2,000 ಮೀರಿದ ಬಾಡಿಗೆಯ ಕಟ್ಟಡಗಳನ್ನು ಅದೇ ಕಾಯ್ದೆಯು ತನ್ನ ವ್ಯಾಪ್ತಿಯಿಂದ ಹೊರಗಿಟ್ಟಿದೆ. ಹೊಸದಾಗಿ ನಿರ್ಮಿಸಿದ ಕಟ್ಟಡಗಳಿಗೂ 15 ವರ್ಷಗಳ ವಿನಾಯಿತಿ ಇದೆ.

ಈ ರೂ. 2,000 ಮಿತಿ ಇಂದಿನ ಸ್ಥಿತಿಗೆ ಎಷ್ಟು ಹಳೆಯದೆಂಬುದನ್ನು ಒಂದು ಲೆಕ್ಕದಿಂದ ತಿಳಿಯಬಹುದು. 7ನೇ ರಾಜ್ಯ ವೇತನ ಆಯೋಗದ ಶಿಫಾರಸ್ಸಿನಂತೆ 01-08-2024 ರಿಂದ ರಾಜ್ಯ ಸರ್ಕಾರಿ ನೌಕರರ ಕನಿಷ್ಠ ಮೂಲ ವೇತನ ರೂ. 27,000. ಇಂತಹ ಚಿಕ್ಕ ನಗರಗಳಿಗೆ ಅನ್ವಯಿಸುವ ಶೇ. 7.5 ರ ಮನೆ ಬಾಡಿಗೆ ಭತ್ಯೆ ರೂ. 2,025 ಆಗುತ್ತದೆ. ಎಂದರೆ ಅತ್ಯಂತ ಕೆಳಗಿನ ವೇತನ ಶ್ರೇಣಿಯ ನೌಕರನ ಭತ್ಯೆಯೇ ಕಾಯ್ದೆಯ ಮಿತಿಯನ್ನು ದಾಟಿದೆ. ಹೊಸ ಬಡಾವಣೆಯ ಎರಡು ಮಲಗುವ ಕೋಣೆಗಳ ಮನೆಯ ಬಾಡಿಗೆ ಈ ಮಿತಿಯೊಳಗೆ ಬರುವ ಸಂಭವವೇ ಇಲ್ಲ.

ಆದಕಾರಣ ಬಹುಪಾಲು ಪ್ರಕರಣಗಳಲ್ಲಿ ಅನ್ವಯಿಸುವುದು 1882ರ ಸ್ವತ್ತು ವರ್ಗಾವಣೆ ಕಾಯ್ದೆ. ಅದರ ಕಲಂ 106 ರಂತೆ, ಬೇರೆ ಒಪ್ಪಂದ ಇಲ್ಲದಿದ್ದಲ್ಲಿ, ವಾಸದ ಮನೆಯ ಬಾಡಿಗೆಯು ತಿಂಗಳಿಂದ ತಿಂಗಳಿಗೆ ನಡೆಯುವುದಾಗಿದ್ದು, ಮಾಲೀಕರಾಗಲಿ ಬಾಡಿಗೆದಾರರಾಗಲಿ ಕೇವಲ 15 ದಿನಗಳ ಲಿಖಿತ ನೋಟೀಸು ನೀಡಿ ಅದನ್ನು ಕೊನೆಗೊಳಿಸಬಹುದು. ಮಕ್ಕಳ ವಾರ್ಷಿಕ ಪರೀಕ್ಷೆಯ ತಿಂಗಳಲ್ಲಿ ಇಂತಹ ನೋಟೀಸು ಬಂದರೆ ಕುಟುಂಬಕ್ಕಾಗುವ ತೊಂದರೆಯನ್ನು ಕಾಯ್ದೆ ಲೆಕ್ಕಿಸುವುದಿಲ್ಲ. ಒಪ್ಪಂದ ಪತ್ರದಲ್ಲಿ ಎರಡು ಅಥವಾ ಮೂರು ತಿಂಗಳ ನೋಟೀಸು ಅವಧಿಯನ್ನು ಬರೆಯಿಸಿದ್ದಲ್ಲಿ ಮಾತ್ರ ಅದು ಲೆಕ್ಕಕ್ಕೆ ಬರುತ್ತದೆ.

ನೋಟೀಸಿನ ಅವಧಿ ಮುಗಿದ ನಂತರವೂ ಮಾಲೀಕರು ಬಲಪ್ರಯೋಗದಿಂದ ಹೊರಹಾಕುವಂತಿಲ್ಲ. ಸಿವಿಲ್ ನ್ಯಾಯಾಲಯದ ಮೂಲಕವೇ ಸ್ವಾಧೀನ ಪಡೆಯಬೇಕು. ಬೀಗ ಹಾಕಿ ಅಥವಾ ಸಾಮಾನು ಹೊರಗಿಟ್ಟು ಮನೆ ಬಿಡಿಸಿದ್ದಲ್ಲಿ, 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯ ಕಲಂ 6 ರ ಅಡಿಯಲ್ಲಿ ಆರು ತಿಂಗಳೊಳಗಾಗಿ ದಾವೆ ಹೂಡಿ ಸ್ವಾಧೀನವನ್ನು ಮರಳಿ ಪಡೆಯಬಹುದಾಗಿದೆ.

ಕೇಂದ್ರ ಸರ್ಕಾರವು 2021 ರಲ್ಲಿ ಸಿದ್ಧಪಡಿಸಿದ ಮಾದರಿ ಬಾಡಿಗೆ ಕಾಯ್ದೆಯಲ್ಲಿ ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚು ಠೇವಣಿ ಪಡೆಯಬಾರದೆಂದಿದೆ. ಇದು ಮಾದರಿ ಮಾತ್ರ. ಆಯಾ ರಾಜ್ಯದ ವಿಧಾನಮಂಡಲವು ಕಾಯ್ದೆ ಮಾಡಿದಲ್ಲಿ ಮಾತ್ರ ಅನ್ವಯವಾಗುತ್ತದೆ. ಮೊಬೈಲ್ ಸಂದೇಶಗಳಲ್ಲಿ ಬರುವ "ಹೊಸ ಬಾಡಿಗೆ ನಿಯಮ"ಗಳನ್ನು ನಂಬಿ ಮಾಲೀಕರೊಡನೆ ವಾದಕ್ಕಿಳಿಯುವುದು ವ್ಯರ್ಥ.

ಕರಾರು ಪತ್ರ

ಒಂದು ವರ್ಷಕ್ಕೆ ಮೀರಿದ ಅವಧಿಯ ಬಾಡಿಗೆ ಕರಾರನ್ನು ಕಡ್ಡಾಯವಾಗಿ ನೋಂದಾಯಿಸತಕ್ಕದ್ದು. 11 ತಿಂಗಳ ಕರಾರು ಎಲ್ಲೆಡೆ ರೂಢಿಯಾಗಲು ಇದೇ ಕಾರಣ. 11 ಎಂಬ ಸಂಖ್ಯೆಗೆ ಬೇರೆ ಯಾವ ಮಹತ್ವವೂ ಇಲ್ಲ. ನೋಂದಣಿ ಬೇಕಿಲ್ಲವೆಂದ ಮಾತ್ರಕ್ಕೆ ಮುದ್ರಾಂಕ ಶುಲ್ಕ ಬೇಕಿಲ್ಲವೆಂದು ತಿಳಿಯಬಾರದು. ಕಡಿಮೆ ಶುಲ್ಕದ ಪತ್ರವನ್ನು, ಕೊರತೆಯ ಮೊತ್ತ ಹಾಗೂ ಅದರ ಹತ್ತು ಪಟ್ಟು ದಂಡ ಪಾವತಿಸದ ಹೊರತು, ನ್ಯಾಯಾಲಯವು ಸಾಕ್ಷ್ಯವಾಗಿ ಸ್ವೀಕರಿಸುವುದಿಲ್ಲ. ಅವಧಿ, ಬಾಡಿಗೆ ಮತ್ತು ಮುಂಗಡದ ಮೇಲೆ ತಗಲುವ ಶುಲ್ಕವನ್ನು ಉಪನೋಂದಣಾಧಿಕಾರಿಗಳ ಕಚೇರಿಯಲ್ಲಿ ವಿಚಾರಿಸಿ ಪಾವತಿಸತಕ್ಕದ್ದು. ಸೆಪ್ಟೆಂಬರ್ 2024 ರಿಂದ ಜಿಲ್ಲೆಯೊಳಗಿನ ಯಾವುದೇ ಉಪನೋಂದಣಿ ಕಚೇರಿಯಲ್ಲಿ ನೋಂದಣಿಗೆ ಅವಕಾಶ ಕಲ್ಪಿಸಿರುವುದರಿಂದ ಸುರಪುರದ ಮನೆಯ ಪತ್ರವನ್ನು ಯಾದಗಿರಿಯಲ್ಲಿಯೂ ನೋಂದಾಯಿಸಬಹುದು.

ಪತ್ರದಲ್ಲಿ ಬಾಡಿಗೆ, ಮುಂಗಡ, ನೋಟೀಸು ಅವಧಿ ಹಾಗೂ ವಾರ್ಷಿಕ ಏರಿಕೆಯ ಪ್ರಮಾಣದೊಂದಿಗೆ, ಮನೆ ಬಿಟ್ಟ ಎಷ್ಟು ದಿನಗಳೊಳಗೆ ಮುಂಗಡ ಮರಳಿಸಬೇಕು ಮತ್ತು ಸುಣ್ಣಬಣ್ಣಕ್ಕೆಂದು ಎಷ್ಟು ಕಡಿತ ಮಾಡಬಹುದು ಎಂಬುದನ್ನು ಸ್ಪಷ್ಟವಾಗಿ ಬರೆಯಿಸತಕ್ಕದ್ದು. ವಿವಾದಗಳು ಹುಟ್ಟುವುದು ಹೆಚ್ಚಾಗಿ ಈ ಕೊನೆಯ ಅಂಶದಲ್ಲಿಯೇ. ನಗದು ಬದಲಿಗೆ ಬ್ಯಾಂಕ್ ಮೂಲಕ ಪಾವತಿಸಿದಲ್ಲಿ ರಸೀದಿಯ ಚಿಂತೆ ಇರುವುದಿಲ್ಲ. ಬಾಡಿಗೆಯ ಅವಧಿಯಲ್ಲಿ ಮನೆ ಮಾರಾಟವಾದರೆ ಖರೀದಿದಾರರು ಮಾಲೀಕರ ಸ್ಥಾನಕ್ಕೆ ಬರುತ್ತಾರೆ. ಮುಂಗಡದ ಹೊಣೆಯನ್ನು ಅವರಿಂದ ಬರಹದಲ್ಲಿ ಪಡೆಯುವುದು ಕ್ಷೇಮ.

ಭೋಗ್ಯಕ್ಕೆ ಮನೆ ಪಡೆಯುವವರಿಗೆ ವಿಶೇಷ ಸೂಚನೆ

ಮಾಸಿಕ ಬಾಡಿಗೆಯ ಬದಲು ದೊಡ್ಡ ಮೊತ್ತವನ್ನು ಒಮ್ಮೆಗೇ ನೀಡಿ, ಅವಧಿ ಮುಗಿದಾಗ ಪೂರ್ಣ ಹಣ ಮರಳಿ ಪಡೆಯುವ 'ಭೋಗ್ಯ' ಅಥವಾ 'ಲೀಸ್' ಪದ್ಧತಿಯನ್ನು ಅನೇಕರು ಲಾಭಕರವೆಂದು ಭಾವಿಸುತ್ತಾರೆ. ಉದಾಹರಣೆಗೆ, ಮೂರು ವರ್ಷಗಳಿಗೆ ರೂ. 4,00,000 ನೀಡಿದರೆಂದು ಇಟ್ಟುಕೊಳ್ಳಿ. ಅದೇ ಹಣಕ್ಕೆ ವಾರ್ಷಿಕ ಶೇ. 6 ರ ಬಡ್ಡಿ ದೊರೆಯುತ್ತಿದ್ದರೆ ವರ್ಷಕ್ಕೆ ರೂ. 24,000, ಅರ್ಥಾತ್ ತಿಂಗಳಿಗೆ ರೂ. 2,000. ಬಾಡಿಗೆ ಇಲ್ಲವೆನ್ನುವ ಮನೆಯ ನಿಜವಾದ ಬಾಡಿಗೆ ಇದು. ಅಗ್ಗವೆನ್ನಬಹುದು, ಆದರೆ ಅಸಲು ಮರಳಿ ಬರುವುದೆಂಬ ಭರವಸೆಯ ಮೇಲೆ ಮಾತ್ರ.

ಮಾಲೀಕರು ಅದೇ ಮನೆಯ ಮೇಲೆ ಬ್ಯಾಂಕಿನಿಂದ ಗೃಹ ಸಾಲ ಪಡೆದು ಕಂತು ಕಟ್ಟದಿದ್ದಲ್ಲಿ, 2002ರ ಸರ್ಫೇಸಿ ಕಾಯ್ದೆಯಂತೆ ಬ್ಯಾಂಕು ಮನೆಯನ್ನು ವಶಪಡಿಸಿಕೊಂಡು ಹರಾಜು ಮಾಡಬಹುದು. ಅಡಮಾನದ ನಂತರ ಬ್ಯಾಂಕಿನ ಒಪ್ಪಿಗೆ ಇಲ್ಲದೆ ಮಾಡಿಕೊಂಡ, ಅದರಲ್ಲಿಯೂ ನೂರು ರೂಪಾಯಿಯ ಬಾಂಡ್ ಕಾಗದದ ಮೇಲೆ ಬರೆದ ನೋಂದಣಿಯಾಗದ ಕರಾರಿಗೆ ಆಗ ಬಲವಿರುವುದಿಲ್ಲ. ಕುಟುಂಬವು ಮನೆಯನ್ನೂ ಹಣವನ್ನೂ ಒಟ್ಟಿಗೆ ಕಳೆದುಕೊಳ್ಳಬಹುದು.

ಆದ್ದರಿಂದ ಹಣ ನೀಡುವ ಮುನ್ನ ಕಾವೇರಿ ತಂತ್ರಾಂಶದ ಮೂಲಕ ಋಣಭಾರ ಪ್ರಮಾಣಪತ್ರ ಪಡೆಯತಕ್ಕದ್ದು. ಈ ಪತ್ರದಲ್ಲಿ ನೋಂದಣಿಯಾದ ವ್ಯವಹಾರಗಳು ಮಾತ್ರ ಕಾಣಿಸುವುದರಿಂದ, ಮೂಲ ಕ್ರಯಪತ್ರವನ್ನು ತೋರಿಸುವಂತೆಯೂ ಮಾಲೀಕರನ್ನು ಕೇಳತಕ್ಕದ್ದು. ಮೂಲ ಪತ್ರ "ಬ್ಯಾಂಕಿನಲ್ಲಿದೆ" ಎಂಬ ಉತ್ತರ ಬಂದರೆ ಅರ್ಥ ಸ್ಪಷ್ಟ. ಖಾತಾ ಯಾರ ಹೆಸರಿನಲ್ಲಿದೆ ಎಂಬುದನ್ನು ನಗರಸಭೆಯ ಇ-ಖಾತಾ ಹಾಗೂ ಆಸ್ತಿ ತೆರಿಗೆ ರಸೀದಿಯಿಂದ ಖಚಿತಪಡಿಸಿಕೊಂಡು, ಕರಾರನ್ನು ನೋಂದಾಯಿಸಿಯೇ ಹಣ ಪಾವತಿಸತಕ್ಕದ್ದು. ನೋಂದಣಿಯ ಖರ್ಚಿಗೆ ಹಿಂಜರಿದು ನಾಲ್ಕು ಲಕ್ಷವನ್ನು ಅಪಾಯಕ್ಕೆ ಒಡ್ಡುವುದು ಲೆಕ್ಕಕ್ಕೆ ಸರಿಹೊಂದುವ ಮಾತಲ್ಲ.

ವಿದ್ಯುತ್ ಹಾಗೂ ವಿಳಾಸ ಬದಲಾವಣೆ

ಮೂರೂ ನಗರಗಳಿಗೆ ವಿದ್ಯುತ್ ಪೂರೈಸುವುದು ಗುಲಬರ್ಗಾ ವಿದ್ಯುತ್ ಸರಬರಾಜು ಕಂಪನಿ (ಜೆಸ್ಕಾಂ). ಮನೆ ಪ್ರವೇಶಿಸುವ ಮೊದಲು ಆರ್.ಆರ್. ಸಂಖ್ಯೆಯ ಮೇಲೆ ಹಿಂದಿನ ಬಾಕಿ ಇಲ್ಲವೆಂದು ಖಚಿತಪಡಿಸಿಕೊಂಡು, ಮೀಟರಿನ ಅಂಕಿಯನ್ನು ಬರೆದಿಡತಕ್ಕದ್ದು. 2023 ರಲ್ಲಿ ಜಾರಿಗೆ ಬಂದ ಗೃಹ ಜ್ಯೋತಿ ಯೋಜನೆಯು ಬಾಡಿಗೆದಾರರಿಗೂ ಅನ್ವಯಿಸುತ್ತದೆ. ಮನೆ ಬದಲಾಯಿಸುವವರು ತಮ್ಮ ಆಧಾರ್ ಸಂಖ್ಯೆಯನ್ನು ಹಳೆಯ ಮನೆಯ ಆರ್.ಆರ್. ಸಂಖ್ಯೆಯಿಂದ ಬೇರ್ಪಡಿಸಿ (ಡಿ-ಲಿಂಕ್), ಹೊಸ ಮನೆಗೆ ಜೋಡಿಸಬೇಕು. ಹಿಂದಿನ ಬಾಡಿಗೆದಾರರು ಇದನ್ನು ಮಾಡದೆ ಹೋಗಿದ್ದಲ್ಲಿ ಹೊಸಬರ ನೋಂದಣಿಗೆ ಅಡಚಣೆಯಾಗಬಹುದು. ಕೀಲಿ ಕೈ ಪಡೆಯುವ ದಿನವೇ ವಿಚಾರಿಸುವುದು ಉತ್ತಮ.

ಮತದಾರರ ಪಟ್ಟಿಯಲ್ಲಿ ವಾಸಸ್ಥಳ ಬದಲಾವಣೆಗೆ ನಮೂನೆ-8 ರಲ್ಲಿ ಅರ್ಜಿ ಸಲ್ಲಿಸತಕ್ಕದ್ದು. ನೋಂದಾಯಿತ ಬಾಡಿಗೆ ಕರಾರು ವಿಳಾಸದ ದಾಖಲೆಯಾಗಿ ಅದಕ್ಕೆ ಸ್ವೀಕಾರಾರ್ಹ. ಸಂವಿಧಾನದ 371(ಜೆ) ವಿಧಿಯ ಅಡಿಯಲ್ಲಿ ಸ್ಥಳೀಯ ವ್ಯಕ್ತಿ ಅರ್ಹತಾ ಪ್ರಮಾಣಪತ್ರವು ಉಪವಿಭಾಗಾಧಿಕಾರಿಗಳಿಂದ ದೊರೆಯುವಂತಹದ್ದಾಗಿದ್ದು, ಜನನ ಅಥವಾ ನಿಗದಿತ ಅವಧಿಯ ವಾಸ ಮುಂತಾದ ಷರತ್ತುಗಳಿಗೆ ಒಳಪಟ್ಟಿರುತ್ತದೆ. ಇಲ್ಲಿ ಮನೆ ಬಾಡಿಗೆಗೆ ಪಡೆದ ಮಾತ್ರಕ್ಕೆ ಆ ಅರ್ಹತೆ ಬರುವುದಿಲ್ಲ.

ಮನೆ ನಿರಾಕರಣೆ

"ಕುಟುಂಬದವರಿಗೆ ಮಾತ್ರ" ಎಂಬ ಫಲಕಕ್ಕೆ ಕಾನೂನಿನ ಅಡ್ಡಿಯಿಲ್ಲ. ಆದರೆ ಜಾತಿಯನ್ನು ಕೇಳಿ, ಅಸ್ಪೃಶ್ಯತೆಯ ಕಾರಣದಿಂದ ಯಾವುದೇ ಬಡಾವಣೆಯಲ್ಲಿ ವಾಸದ ಮನೆ ಹಿಡಿಯದಂತೆ ತಡೆಯುವುದು 1955ರ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆಯ ಕಲಂ 4 ರಂತೆ ಅಪರಾಧ. ಒಂದು ತಿಂಗಳಿಗೆ ಕಡಿಮೆಯಿಲ್ಲದ, ಆರು ತಿಂಗಳವರೆಗಿನ ಕಾರಾವಾಸ ಹಾಗೂ ದಂಡ ವಿಧಿಸಬಹುದಾಗಿದೆ. "ಮನೆ ಈಗಾಗಲೇ ಬೇರೆಯವರಿಗೆ ಕೊಟ್ಟಾಯಿತು" ಎಂಬ ಸೌಜನ್ಯದ ಮಾತಿನ ಹಿಂದೆ ಈ ನಿರಾಕರಣೆ ಅಡಗಿರುವುದೂ ಉಂಟು. ಸುಶಿಕ್ಷಿತರ ಬಡಾವಣೆ ಎಂಬ ಹೆಸರು ಇದಕ್ಕೆ ವಿನಾಯಿತಿಯಾಗದು. ನೊಂದವರು ದಿನಾಂಕ, ಸ್ಥಳ, ಆಡಿದ ಮಾತು ಹಾಗೂ ಜೊತೆಯಲ್ಲಿದ್ದವರ ವಿವರಗಳೊಂದಿಗೆ ಸಮೀಪದ ಪೊಲೀಸ್ ಠಾಣೆಯಲ್ಲಿ ದೂರು ಸಲ್ಲಿಸಬಹುದು. ಸಮಾಜ ಕಲ್ಯಾಣ ಇಲಾಖೆಯ ಕಚೇರಿಯನ್ನೂ ಸಂಪರ್ಕಿಸಬಹುದಾಗಿದೆ.

ಕಾನೂನು ನೆರವು

ಮುಂಗಡ ಮರಳಿಸದಿರುವುದು, ಬಲವಂತವಾಗಿ ಮನೆ ಬಿಡಿಸುವುದು ಮುಂತಾದ ಪ್ರಕರಣಗಳಲ್ಲಿ 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯಂತೆ ಉಚಿತ ನೆರವು ಲಭ್ಯವಿದೆ. ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪರಿಶಿಷ್ಟ ಪಂಗಡದವರಿಗೆ ಆದಾಯ ಮಿತಿ ಇರುವುದಿಲ್ಲ. ಇತರರಿಗೆ ಸರ್ಕಾರ ನಿಗದಿಪಡಿಸಿದ ಮಿತಿ ಅನ್ವಯಿಸುತ್ತದೆ. ಅರ್ಜಿಯನ್ನು ಯಾದಗಿರಿಯ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಅಥವಾ ಶಹಾಪುರ, ಸುರಪುರ ನ್ಯಾಯಾಲಯಗಳ ತಾಲ್ಲೂಕು ಕಾನೂನು ಸೇವೆಗಳ ಸಮಿತಿಗೆ ಸಲ್ಲಿಸತಕ್ಕದ್ದು. ಸಹಾಯವಾಣಿ ಸಂಖ್ಯೆ 15100. ಅರ್ಜಿಯೊಂದಿಗೆ ಕರಾರು ಪತ್ರದ ಪ್ರತಿ, ಪಾವತಿಯ ದಾಖಲೆಗಳು ಹಾಗೂ ನೋಟೀಸು ಬಂದಿದ್ದಲ್ಲಿ ಅದರ ಲಕೋಟೆ ಸಹಿತ ಪ್ರತಿಯನ್ನು ಲಗತ್ತಿಸತಕ್ಕದ್ದು.