ಜೋಕಾಲಿ ಯಾರದ್ದು?

ನಮ್ಮ ಅಪಾರ್ಟ್‌ಮೆಂಟಿನ ತೋಟಕ್ಕೆ ನಾಲ್ಕು ಬೆಂಚು, ಎರಡು ಉಯ್ಯಾಲೆ ಆರಿಸೋ ಕೆಲಸ ನನ್ನ ತಲೆಗೆ ಬಂತು. "ನೀವು ಎಂಜಿನಿಯರ್ ಅಲ್ವಾ, ನೋಡಿ ಹೇಳಿ" ಅಂದ್ರು ಕಮಿಟಿಯವರು. ನಾನು ಬರೆಯೋದು ಕೋಡು. ಮರ, ಕಬ್ಬಿಣದ ವಿಷಯ ನನಗೇನು ಗೊತ್ತು? ಆದ್ರೂ ಒಪ್ಪಿಕೊಂಡೆ. ಮಾರನೇ ದಿನ ಕ್ಯಾಟಲಾಗಿನ ಜೊತೆ ಒಂದು ಬೋರ್ಡಿನ ಕರಡೂ ಬಂತು. ಅದರಲ್ಲಿ ಇದ್ದದ್ದು ಎರಡೇ ಸಾಲು: ಉಯ್ಯಾಲೆ ಮಕ್ಕಳಿಗೆ ಮಾತ್ರ. ಮನೆಕೆಲಸದವರು ಬೆಂಚಿನ ಮೇಲೆ ಕೂರುವಂತಿಲ್ಲ.

ಸಾಗುವಾನಿ ಒಳ್ಳೇದೋ, ಉಕ್ಕು ಒಳ್ಳೇದೋ ಅಂತ ಹುಡುಕೋಕೆ ಕೂತವನು ಆ ಎರಡು ಸಾಲಿನಲ್ಲೇ ಸಿಕ್ಕಿಹಾಕಿಕೊಂಡೆ.

ಮೊದಲ ಸಾಲನ್ನೇ ತಗೊಳ್ಳಿ. ಉಯ್ಯಾಲೆ ಮಕ್ಕಳ ಆಟದ ಸಾಮಾನು ಅಂತ ನಾವೆಲ್ಲ ನಂಬಿದ್ದೇವೆ. ಇತಿಹಾಸ ಹಾಗೆ ಹೇಳೋದಿಲ್ಲ. ವೇದಕಾಲದ ಮಹಾವ್ರತ ಅನ್ನೋ ಯಾಗದಲ್ಲಿ ಹೋತೃ, ಅಂದರೆ ಋಕ್ಕುಗಳನ್ನು ಹೇಳುವ ಪುರೋಹಿತ, ಉಯ್ಯಾಲೆ ಮೇಲೆ ಕೂತು ಮಂತ್ರ ಹೇಳುತ್ತಿದ್ದ. ಐತರೇಯ ಆರಣ್ಯಕದಲ್ಲಿ ಇದರ ವಿವರವಿದೆ. ಆ ಉಯ್ಯಾಲೆಗೆ ಅಲ್ಲಿರುವ ಹೆಸರು ಪ್ರೇಂಖ. ದಕ್ಷಿಣದ ಎಷ್ಟೋ ದೇವಸ್ಥಾನಗಳಲ್ಲಿ ದೇವರನ್ನು ಉಯ್ಯಾಲೆಯಲ್ಲಿ ಕೂರಿಸಿ ತೂಗುತ್ತಾರೆ. ಮಧುರೆ ಮೀನಾಕ್ಷಿ ಗುಡಿಯ ಕೊಳದ ಪಕ್ಕ ಇದಕ್ಕೆಂದೇ ಒಂದು ಮಂಟಪವಿದೆ. ಫ್ರಾನ್ಸಿನಲ್ಲಿ ಫ್ರಾಗೊನಾರ್ 1767ರ ಸುಮಾರಿಗೆ ಬರೆದ ಪ್ರಸಿದ್ಧ ಚಿತ್ರದಲ್ಲಿ ತೋಟದ ಉಯ್ಯಾಲೆ ಮೇಲಿರೋದು ಶ್ರೀಮಂತ ಹೆಣ್ಣುಮಗಳು, ಮಗು ಅಲ್ಲ.

ಅಷ್ಟು ದೂರ ಯಾಕೆ ಹೋಗಬೇಕು? ನಾನು ಹುಟ್ಟಿದ ಧಾರವಾಡ ಸೀಮೆಯಲ್ಲಿ ಜೋಕಾಲಿ ಅಂದ್ರೆ ಪಂಚಮಿ. ನಾಗರ ಪಂಚಮಿಗೆ ಅಣ್ಣ ಹೋಗಿ ತಂಗೀನ ತವರಿಗೆ ಕರಕೊಂಡು ಬರ್ತಾನೆ. ಹಾವಿಗೆ ನೋವಾಗಬಾರದು ಅಂತ ಆ ದಿನ ನೆಲ ಅಗಿಯೋ ಹಾಗಿಲ್ಲ, ಹೊಲದ ಕೆಲಸ ಬಂದ್. ಬೇವಿನ ಮರಕ್ಕೋ ಆಲದ ಮರಕ್ಕೋ ದಪ್ಪ ಹಗ್ಗ ಬಿಗಿದು ಒಂದು ಹಲಗೆ ಕೂರಿಸಿದರೆ ಜೋಕಾಲಿ ಸಿದ್ಧ. ಅಳ್ಳಿಟ್ಟು, ಶೇಂಗಾ ಉಂಡಿ ತಿಂದು ಹೆಂಗಸರು ಇಬ್ಬಿಬ್ಬರೇ ಎದುರು ಬದುರು ನಿಂತು, ಕಾಲು ಮಡಚಿ ಜೀಕಿದರೆ ಕೊಂಬೆಯ ಎಲೆ ಕೈಗೆ ಸಿಗುತ್ತಿತ್ತು. ನಾವು ಹುಡುಗರು ಕೆಳಗೆ ನಿಂತು ಪಾಳಿ ಕಾಯಬೇಕಿತ್ತು. ವರ್ಷವಿಡೀ ತಲೆ ತಗ್ಗಿಸಿ ನಡೆಯೋ ನಮ್ಮವ್ವ ಆ ಒಂದು ದಿನ ನಮ್ಮೆಲ್ಲರಿಗಿಂತ ಮೇಲೆ ಇರ್ತಿದ್ಲು.

ಹಾಗಾದರೆ ಪಾರ್ಕಿನ ಉಯ್ಯಾಲೆ ಮಕ್ಕಳದ್ದು ಅನ್ನೋ ಕಲ್ಪನೆ ಗಟ್ಟಿಯಾಗಿದ್ದು ಯಾವಾಗ? ನೂರು ವರ್ಷದ ಈಚೆಗೆ ಅನ್ನಬಹುದು. ಈ ಕಥೆಯಲ್ಲಿ ಒಬ್ಬ ಎಂಜಿನಿಯರ್ ಬರ್ತಾನೆ. ಇಂಗ್ಲೆಂಡಿನ ಕೆಟರಿಂಗ್ ಚಪ್ಪಲಿ-ಬೂಟು ಹೊಲಿಯುವವರ ಊರು. ಅಲ್ಲಿ ಯಂತ್ರಗಳ ಕಾರ್ಖಾನೆ ಇಟ್ಟಿದ್ದ ಚಾರ್ಲ್ಸ್ ವಿಕ್‌ಸ್ಟೀಡ್ ಊರಾಚೆ ಜಾಗ ಕೊಂಡ. ಕೆಲಸಗಾರರಿಗೆ ಮನೆ ಕಟ್ಟಬೇಕು ಅಂತಿದ್ದವನು ಕೊನೆಗೆ ಅದನ್ನು ಪಾರ್ಕ್ ಮಾಡಿ 1921ರಲ್ಲಿ ತೆರೆದ. ಒಮ್ಮೆ ಮಕ್ಕಳ ಔತಣಕ್ಕೆ ಅಂತ ಮರದ ಕಂಬ ನೆಟ್ಟು ತಾತ್ಕಾಲಿಕವಾಗಿ ಉಯ್ಯಾಲೆ ಕಟ್ಟಿಸಿದ್ದ. ಅದು ಮಕ್ಕಳಿಗೆ ಎಷ್ಟು ಹಿಡಿಸಿತು ಅಂದ್ರೆ ಬಿಚ್ಚಿಸೋಕೆ ಮನಸ್ಸು ಬರಲಿಲ್ಲ. ಆಮೇಲೆ ಅವನ ಕಾರ್ಖಾನೆಯೇ ಆಟದ ಸಾಮಾನು ಮಾಡಿ ಬೇರೆ ಊರಿನ ಪಾರ್ಕುಗಳಿಗೆ ಮಾರತೊಡಗಿತು. 2013ರಲ್ಲಿ ಆ ಪಾರ್ಕಿನ ನೆಲ ಅಗೆದಾಗ ಅವನ ಕಾಲದ ಒಂದು ಉಯ್ಯಾಲೆ ಸಿಕ್ಕಿತು. ನೀರಿನ ಪೈಪಿನಂಥ ಕೊಳವೆಯ ಚೌಕಟ್ಟು, ಕೂರೋಕೆ ಒಂದು ಮರದ ಹಲಗೆ, ಅಷ್ಟೇ.

ನಾನೂ ಕಡೆಗೆ ಅದೇ ಜೋಡಿ ಆರಿಸಿದೆ. ತುಕ್ಕು ಹಿಡಿಯದ ಹಾಗೆ ಸತು ಲೇಪಿಸಿದ ಉಕ್ಕಿನ ಪೈಪು, ಸಾಗುವಾನಿ ಹಲಗೆ. ಕಬ್ಬಿಣದ ಸೀಟು ಬೇಸಿಗೆಯಲ್ಲಿ ತೊಡೆ ಸುಡುತ್ತೆ.

ಬೆಂಚಿನ ಪಾಠ ಸಿಕ್ಕಿದ್ದು ಅಮೆರಿಕದಿಂದ. ನ್ಯೂಯಾರ್ಕ್ ರಾಜ್ಯದ ವೆಸ್ಟ್‌ಪೋರ್ಟಿನಲ್ಲಿ 1903ರಲ್ಲಿ ಥಾಮಸ್ ಲೀ ಅನ್ನೋನು ತನ್ನ ಬೇಸಿಗೆ ಮನೆಯ ಹೊರಗೆ ಹಾಕೋಕೆ ಕುರ್ಚಿ ಮಾಡಲು ಕೂತ. ಒಂದೊಂದು ಮಾದರಿ ಮಾಡಿದಾಗಲೂ ಮನೆಯವರನ್ನೆಲ್ಲ ಕೂರಿಸಿ ಕೇಳ್ತಿದ್ದನಂತೆ. ಅಗಲ ಕೈ, ಹಿಂದಕ್ಕೆ ವಾಲಿದ ಬೆನ್ನು. ಚಳಿಗಾಲದಲ್ಲಿ ದುಡಿಮೆ ಇಲ್ಲದ ಬಡಗಿ ಗೆಳೆಯ ಹ್ಯಾರಿ ಬನೆಲ್‌ಗೆ ಅದನ್ನು ಮಾಡಿ ಮಾರಿಕೋ ಅಂತ ಕೊಟ್ಟ. ಬನೆಲ್ ತನ್ನ ಹೆಸರಲ್ಲೇ 1905ರಲ್ಲಿ ಪೇಟೆಂಟ್ ಪಡೆದ! ಇವತ್ತು ಅಡಿರಾಂಡ್ಯಾಕ್ ಚೇರ್ ಅಂತ ಮಾರೋದೆಲ್ಲ ಆ ಕುರ್ಚಿಯ ಸಂತಾನವೇ. ಕ್ಯಾಟಲಾಗಿನಲ್ಲೂ ಅದು ಇತ್ತು. ಲೀ ಮಾಡಿದ ಹಾಗೆ ನಾನೂ ಊರಿಂದ ಬಂದಿದ್ದ ಅವ್ವನ್ನ ಅಂಗಡಿಗೆ ಕರಕೊಂಡು ಹೋಗಿ ಕೂರಿಸಿದೆ. "ಕುಂತೇನೋ ಕುಂತೆ, ಏಳಾಕ ಯಾರರ ಬರಬೇಕಲ್ಲೋ ತಮ್ಮಾ" ಅಂದ್ಲು. ಸೀಟು ಅಷ್ಟು ತಗ್ಗು. ಮೊಣಕಾಲು ನೋವಿದ್ದವರಿಗೆ ಆಗೋದಲ್ಲ. ಹಾಗಾಗಿ ಸಾದಾ ಎತ್ತರದ, ಕೈ ಊರಿ ಏಳುವಂಥ ಬೆಂಚೇ ಗೊತ್ತಾಯ್ತು.

ಉಳಿದದ್ದು ಬೋರ್ಡಿನ ಎರಡನೇ ಸಾಲು. ಅದನ್ನು ಓದಿದಾಗ ನಮ್ಮೂರ ಕಟ್ಟೆ ನೆನಪಾಯ್ತು. ಮರ ಊರಿನದ್ದು, ನೆರಳೂ ಊರಿನದ್ದು, ಕಟ್ಟೆ ಮೇಲೆ ಮಾತ್ರ ಕೆಲವರು. ಹೆಂಗಸರು ಅದರ ಮುಂದೆ ಸೆರಗು ಎಳಕೊಂಡು ದಾಟಿ ಹೋಗ್ತಿದ್ರು. ಕೆಳಗಿನ ಕೇರಿಯವರು ನಿಂತೇ ಮಾತಾಡ್ತಿದ್ರು. ಅಲ್ಲಿ ಯಾವ ಬೋರ್ಡೂ ಇರಲಿಲ್ಲ, ಎಲ್ಲರಿಗೂ ಗೊತ್ತಿತ್ತು. ನಾವು ಓದಿದವರು, ಲಿಫ್ಟಿನಲ್ಲಿ ಓಡಾಡೋರು. ಅದನ್ನೇ ಪೇಂಟಿನಲ್ಲಿ ಬರೆಸೋಕೆ ಹೊರಟಿದ್ವಿ.

ಮೀಟಿಂಗಿನಲ್ಲಿ ಇಷ್ಟನ್ನೂ ಹೇಳಿದೆ. ಕೆಲವರು ಫೋನ್ ನೋಡ್ತಿದ್ರು, ಒಬ್ಬರು ಜಗಳಕ್ಕೇ ಬಂದ್ರು. ಕೊನೆಗೆ ಎರಡನೇ ಸಾಲು ಹೋಯ್ತು. ಮೊದಲನೆಯದು ಉಳೀತು, ಒಂದು ರಾಜಿಯ ಮೇಲೆ: ಒಂದು ಉಯ್ಯಾಲೆ ದೊಡ್ಡವರ ಭಾರ ತಡೆಯೋದು, ಅದಕ್ಕೆ ವಯಸ್ಸಿನ ಕಟ್ಟಿಲ್ಲ.

ಅವ್ವ ಊರಿಗೆ ಹೋಗೋ ಮುಂಚೆ ಅದರ ಮೇಲೆ ಕೂತು ನಾಲ್ಕು ಸಲ ಜೀಕಿದ್ಲು. ಆದರೆ ನಮ್ಮ ಮನೆಗೆ ಕೆಲಸಕ್ಕೆ ಬರೋ ಅಕ್ಕ ಈಗಲೂ ಊಟದ ಡಬ್ಬಿ ಬಿಚ್ಚೋದು ಪಾರ್ಕಿಂಗಿನ ಮೆಟ್ಟಿಲ ಮೇಲೆ. ಬೆಂಚು ಖಾಲಿ ಇದೆ, ಬೋರ್ಡೂ ಇಲ್ಲ. ಕಟ್ಟೆ ಮುಂದೆಯೂ ಬೋರ್ಡ್ ಇರಲಿಲ್ಲವಲ್ಲ. ನಾಳೆ ನನ್ನ ಡಬ್ಬಿ ತಗೊಂಡು ನಾನೇ ಮೊದಲು ಹೋಗಿ ಬೆಂಚಿನ ಮೇಲೆ ಕೂತು, "ಬನ್ನಿ ಅಕ್ಕ" ಅಂತ ಕರೀಬೇಕು.