ಬ್ರೇಕ್ ಇಲ್ಲದ ಚಾನೆಲ್ಲು

ದಿನಕ್ಕೆ ಎಷ್ಟು ಸಲ "ಈಗೊಂದು ಸಣ್ಣ ಬ್ರೇಕ್" ಅಂತೀನೋ ನನಗೇ ಲೆಕ್ಕ ಇಲ್ಲ. ನಿಮಗೆ ಸಿಟ್ಟು ಬರುತ್ತೆ, ಗೊತ್ತು. ಏನ್ಮಾಡೋದು, ನನ್ನ ಸಂಬಳ ಬರೋದೇ ಆ ಬ್ರೇಕಿನಿಂದ. ಅದಕ್ಕೇ ಇರಬೇಕು, ಸಿನಿಮಾ ನಡುವೆ ಬ್ರೇಕೇ ತಗೊಳ್ಳದೆ ಹದಿನಾರು ವರ್ಷ ನಡೆದ ಒಂದು ಚಾನೆಲ್ ಕಥೆ ನನ್ನನ್ನು ಕಾಡುತ್ತೆ.

1994ರ ಸೆಪ್ಟೆಂಬರ್ 1. ಅಮೆರಿಕದಲ್ಲಿ ಇಂಡಿಪೆಂಡೆಂಟ್ ಫಿಲ್ಮ್ ಚಾನೆಲ್, ಅಂದರೆ ಐಎಫ್‌ಸಿ ಶುರುವಾಯಿತು. ಹಾಲಿವುಡ್ಡಿನ ದೊಡ್ಡ ಸ್ಟುಡಿಯೋಗಳ ಹಂಗಿಲ್ಲದೆ, ಸಾಲಸೋಲ ಮಾಡಿ ತೆಗೆದ ಚಿತ್ರಗಳಿಗೊಂದು ಮನೆ. ಕತ್ತರಿ ಇಲ್ಲ, ನಡುವೆ ಸೋಪು-ಕಾರಿನ ಜಾಹೀರಾತಿಲ್ಲ. ದುಡ್ಡು? ಕೇಬಲ್ ಚಂದಾದಲ್ಲಿ ಚಾನೆಲ್ ಪಾಲಿಗೆ ಬರುತ್ತಿದ್ದ ಪುಡಿಗಾಸು. 1996ರಲ್ಲಿ ನಟ ರಾಬರ್ಟ್ ರೆಡ್‌ಫೋರ್ಡ್ ಬೆನ್ನಿಗಿದ್ದ ಸನ್‌ಡ್ಯಾನ್ಸ್ ಚಾನೆಲ್ ಪೈಪೋಟಿಗೆ ಬಂತು. 2008ರಲ್ಲಿ ಐಎಫ್‌ಸಿಯ ಮಾಲೀಕರೇ ಅದನ್ನೂ ಕೊಂಡರು.

ಐಎಫ್‌ಸಿಗೊಬ್ಬಳು ಅಕ್ಕ ಇದ್ದಳು, ಬ್ರಾವೊ. 1980ರಲ್ಲಿ ಹುಟ್ಟಿದಾಗ ಅದೂ ಜಾಹೀರಾತಿಲ್ಲದ ಕಲಾ ಚಾನೆಲ್ಲೇ. 2002ರಲ್ಲಿ ಎನ್‌ಬಿಸಿ ಕೈಸೇರಿತು. ಈಗ ಅದರಲ್ಲಿ ಶ್ರೀಮಂತ ಗೃಹಿಣಿಯರ ಜಗಳ!

ತಂಗಿಯೂ ಅದೇ ದಾರಿ ಹಿಡಿದಳು. 2010ರ ಡಿಸೆಂಬರ್‌ನಲ್ಲಿ ಐಎಫ್‌ಸಿಗೆ ಜಾಹೀರಾತು ಬಂತು. ನೋಡಿ, ಜಾಹೀರಾತು ಬರೀ ಎರಡು ನಿಮಿಷ ತಿನ್ನಲ್ಲ. ಅದಕ್ಕೆ ಪ್ರತಿ ವಾರ, ಅದೇ ಹೊತ್ತಿಗೆ, ಅದೇ ಜನ ವಾಪಸ್ ಬರಬೇಕು. ಎರಡು ಗಂಟೆಗೆ ಮುಗಿಯುವ ಸಿನಿಮಾಕ್ಕೆ ಆ ತಾಕತ್ತಿಲ್ಲ, ಧಾರಾವಾಹಿಗಿದೆ. 2011ರ ಜನವರಿಗೆ 'ಪೋರ್ಟ್‌ಲ್ಯಾಂಡಿಯಾ' ಅನ್ನೋ ಹಾಸ್ಯ ಸರಣಿ ಬಂತು, ಗೆದ್ದಿತು. ಚೆನ್ನಾಗಿಯೂ ಇತ್ತು, ಸುಳ್ಳು ಯಾಕೆ ಹೇಳಲಿ? ಆದರೆ ಚಾನೆಲ್ಲಿನ ಹೆಸರಲ್ಲಿದ್ದ ಸಿನಿಮಾ ಮೂಲೆಗೆ ಸರಿಯಿತು. 2013ರಲ್ಲಿ ಸನ್‌ಡ್ಯಾನ್ಸ್‌ಗೂ ಜಾಹೀರಾತು ಬಂತು.

ಇಷ್ಟೇ ಆಗಿದ್ದರೆ ನಾನಿದನ್ನು ಬರೀತಿರಲಿಲ್ಲ.

2002ರಲ್ಲಿ ನಿರ್ದೇಶಕ ರಿಚರ್ಡ್ ಲಿಂಕ್‌ಲೇಟರ್ ಒಂದು ಹುಚ್ಚು ಯೋಜನೆ ಹಿಡಿದರು. ಹುಡುಗನೊಬ್ಬ ಆರನೇ ವಯಸ್ಸಿನಿಂದ ಹದಿನೆಂಟರವರೆಗೆ ಬೆಳೆಯೋ ಕಥೆ, ಅವೇ ನಟರನ್ನಿಟ್ಟು ಪ್ರತಿ ವರ್ಷ ಕೆಲವೇ ದಿನ ಶೂಟಿಂಗ್. ಹನ್ನೆರಡು ವರ್ಷ! ನಟರಿಗೆ ಏನಾದರೂ ಆದರೆ? ಹುಡುಗ ಬೇಡ ಅಂದುಬಿಟ್ಟರೆ? ಯಾವ ಲೆಕ್ಕಿಗ ಒಪ್ಪುತ್ತಾನೆ ಹೇಳಿ. ಐಎಫ್‌ಸಿಯ ಚಿತ್ರ ವಿಭಾಗ ಒಪ್ಪಿತು. ವರ್ಷಕ್ಕೆ ಸುಮಾರು 2 ಲಕ್ಷ ಡಾಲರ್ ಕೊಡುತ್ತಾ ಹೋಯಿತು. ನಡುವೆ ಚಾನೆಲ್ಲಿನ ಗುರುತೇ ಬದಲಾಯಿತು, ಜಾಹೀರಾತು ಬಂತು, ಮಾತೃಸಂಸ್ಥೆಯ ಹೆಸರೂ ಬದಲಾಯಿತು. ಆ ದುಡ್ಡು ಮಾತ್ರ ನಿಲ್ಲಲಿಲ್ಲ.

2014ರಲ್ಲಿ 'ಬಾಯ್‌ಹುಡ್' ತೆರೆಕಂಡಿತು. ತಾಯಿ ಪಾತ್ರದ ಪೆಟ್ರೀಷಿಯಾ ಆರ್ಕೆಟ್‌ಗೆ ಆಸ್ಕರ್ ಬಂತು. ನಾನು ಅದನ್ನು ನೋಡಿದ್ದು ಒಂದು ಭಾನುವಾರ ರಾತ್ರಿ, ಬುಲೆಟಿನ್ ಮುಗಿಸಿ ಮನೆಗೆ ಬಂದು. 165 ನಿಮಿಷ, ಫೋನ್ ಆಫ್ ಮಾಡಿ, ಒಂದೂ ಬ್ರೇಕ್ ತಗೊಳ್ಳದೆ.